ಜೇಬಿನಲ್ಲಿದ್ದ ಒಂದು ಕಿಲೋ

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಕಡಲೆಬೀಜದ ಪೊಟ್ಟಣಕ್ಕೆಂದು ಕೋಟಿನ ಜೇಬಿಗಿಳಿಸಿದ ಬೆರಳಿಗೆ ತಣ್ಣಗೆ ಏನೋ ತಗುಲಿತು, ದುಂಡಗೆ, ಭಾರವಾಗಿ, ಅಯ್ಯೋ ಬಟ್ಟು, ಒಂದು ಕಿಲೋ ತೂಕದ ಬಟ್ಟು, ಬೆಳಿಗ್ಗೆ ಕಿರಾಣಿ ಅಂಗಡಿಯ ತಕ್ಕಡಿ ಸರಿಮಾಡಿ, ಪರೀಕ್ಷಿಸಿ, ಜೇಬಿಗೆ ಹಾಕಿಕೊಂಡದ್ದು ಅಲ್ಲೇ ಇದೆ — ಆರು ವರ್ಷದಿಂದ ತಕ್ಕಡಿ ರಿಪೇರಿ ಮಾಡುವವಳಿಗೆ ಜೇಬಿನ ಕಬ್ಬಿಣ ಮೈಯ ಭಾಗವೇ ಆಗಿಬಿಟ್ಟಿದೆ, ಅದನ್ನು ಹೊತ್ತೇ ಈಗಷ್ಟೇ ಒಳಗೆ ತೂಕದ ಯಂತ್ರ ಹತ್ತಿ ಇಳಿದು ಬಂದಳಲ್ಲ, ಕೆಂಪು ಮುಳ್ಳು ನಡುಗಿ ನಡುಗಿ ಐವತ್ತಮೂರಕ್ಕೆ ನಿಂತಿತಲ್ಲ, ಭೇಷ್ ತಾಯಿ, ತಿಂಗಳಿಗೆ ಎರಡು ಕಿಲೋ, ಹೀಗೇ ಏರ್ಬೇಕು, ನರ್ಸಕ್ಕ ಕಾರ್ಡಿನಲ್ಲಿ ಬರೆದೂ ಬಿಟ್ಟರು. ಎರಡಲ್ಲ, ಒಂದು. ಏಳನೇ ತಿಂಗಳು. ಹೋದ ಸಲವೂ ಒಂದೇ ಏರಿತ್ತು, ಡಾಕ್ಟರು ಕನ್ನಡಕ ತೆಗೆದು ಹೇಳಿದ್ದರು, ನಿಮ್ಮದು ಮೊದಲೇ ತೂಕ ಕಡಿಮೆ, ವಾರಕ್ಕೆ ಅರ್ಧ ಕಿಲೋ ಆದ್ರೂ ಬರ್ಬೇಕು, ಇನ್ನೂ ಬರ್ದಿದ್ರೆ ಮಗು ಬೆಳೀತಿದ್ಯಾ ಅಂತ ಸ್ಕ್ಯಾನ್ ಮಾಡಿ ನೋಡ್ಬೇಕಾಗುತ್ತೆ. ಅಂದಿನಿಂದ ಅವಳು ತಿಂದದ್ದೇನು ಕಡಿಮೆಯೇ, ಮೊಟ್ಟೆ, ಮೊಸರು, ಬೇಳೆ, ವಾಕರಿಕೆ ಬಂದರೂ ಬಿಡದೆ, ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, ಹೊಟ್ಟೆ ತುಂಬ ಅನ್ನಾನೇ ತುರುಕ್ಕೊಂಡ್ರೆ ಕೂಸು ಎಲ್ಲಿ ಮಲಗುತ್ತೆ ಹೇಳು, ಆನೆಮರಿ ಹೆರ್ತೀಯಾ, ಇವಳು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೇ, ಹೆರ್ತೀನಿ ಬಿಡಿ ಅತ್ತೆ, ಎತ್ಕೊಳ್ಳೋಕೆ ನೀವಿದ್ದೀರಲ್ಲ.

ಹೀಗೇ ಮನೆಗೆ ಹೋದರೆ ಯಾರಿಗೆ ಗೊತ್ತಾಗುತ್ತೆ, ಮುಂದಿನ ತಿಂಗಳು ಸೇರಿಸಿ ಏರಿದರಾಯಿತು — ಇದೇ ಮಾತಲ್ಲವೇ ತಕ್ಕಡಿಯ ತಟ್ಟೆಯಡಿ ಅಯಸ್ಕಾಂತ ಅಂಟಿಸಿದ್ದ ಸಕ್ಕರೆ ಅಂಗಡಿಯವನೊಬ್ಬ ಹೇಳಿದ್ದು, ಐವತ್ತು ಗ್ರಾಮ್ ತಾನೇ ಮೇಡಂ, ಯಾರಿಗೆ ಗೊತ್ತಾಗುತ್ತೆ, ಅವಳು ಅದನ್ನು ಕಿತ್ತು ಗಿರಾಕಿಗಳ ಎದುರೇ ಅವನ ಕೈಗಿಟ್ಟಿದ್ದಳು, ಇಲ್ಲಿ ಮೋಸಹೋಗುವ ಗಿರಾಕಿ ಹೊಟ್ಟೆಯೊಳಗಿದೆ, ಇನ್ನೂ ಬಾಯಿ ಬಾರದ್ದು, ಇಲ್ಲ, ಆಗದು, ಎದ್ದು ಒಳಗೆ ಹೋದಳು, ನರ್ಸಕ್ಕ, ಇನ್ನೊಂದ್ಸಲ ತೂಗಿ, ಬಟ್ಟು ಮೇಜಿನ ಮೇಲೆ ಠಕ್ ಎಂದು, ಏನಮ್ಮಾ ಇದು, ಕಬ್ಬಿಣ ಹೊತ್ಕೊಂಡು ಬಂದಿದ್ದೀಯಾ, ಹೂಂ ಅಕ್ಕ, ನನ್ನ ಕಸುಬೇ ಅದು, ಕಾರ್ಡು ತಿದ್ದಿ, ಡಾಕ್ಟರಿಗೆ ಹೇಳಿ ಸ್ಕ್ಯಾನ್ ಬರೆಸಿಕೊಡಿ, ಇವತ್ತೇ — ಬರಿಗಾಲು, ತಣ್ಣನೆಯ ತಗಡು, ಉಸಿರು ಬಿಗಿಹಿಡಿದರೆ ತೂಕ ಏರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆದರೂ ಬಿಗಿಹಿಡಿದು, ಐವತ್ತು, ಐವತ್ತೊಂದು, ನಡುಗುವ ಮುಳ್ಳು, ಐವತ್ತೆರಡು, ಮುಳ್ಳು, ಮುಂದೆ ಹೋಗದ ಆ ಕೆಂಪು ಮುಳ್ಳು