ಪೆಟ್ರೋಲ್ ಬಂಕಿನಲ್ಲಿ ಸಚೇಲ ಸ್ನಾನ

ಸಾವಿನ ಮನೆಯಿಂದ ಹೊರಟವರು ನೆಟ್ಟಗೆ ತಮ್ಮ ಮನೆಗೆ ಬರಬೇಕು. ದಾರಿಯಲ್ಲಿ ಎಲ್ಲೂ ಇಳಿಯಬಾರದು, ಯಾರನ್ನೂ ಮುಟ್ಟಬಾರದು, ಒಂದು ತೊಟ್ಟು ನೀರೂ ಕುಡಿಯಬಾರದು. ಬಂದವರೇ ಬಚ್ಚಲಿಗೆ ನುಗ್ಗಿ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು. ಇದಕ್ಕೆ ಸಚೇಲ ಸ್ನಾನ ಅನ್ನುತ್ತಾರೆ. ಮೈಸೂರಿನಲ್ಲಿ ನಮ್ಮಜ್ಜಿ ಇದನ್ನು ಪಾಲಿಸಿದಳು, ನಮ್ಮಮ್ಮ ಪಾಲಿಸಿದಳು, ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂಬತ್ತನೇ ಮಹಡಿಯಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಶಾರದಮ್ಮನೆಂಬ ನಾನೂ ಪಾಲಿಸುತ್ತೇನೆ. ಅಳಿಯ ನಿಶಾಂತ್ ಇದಕ್ಕೆ ‘ಅತ್ತೆಯ ಪ್ರೋಟೋಕಾಲ್’ ಎಂದು ಹೆಸರಿಟ್ಟಿದ್ದಾನೆ. ಇಡಲಿ. ಅವನ ಹೊಸ ಕಾರಿನಲ್ಲಿ ಯಾರೂ ಬಿಸ್ಕತ್ತು ತಿನ್ನಕೂಡದು ಎಂಬ ಕಾನೂನಿಗೆ ನಾನೇನೂ ಹೆಸರಿಟ್ಟಿಲ್ಲ.

ತೀರಿಕೊಂಡವಳು ಅನ್ನಾ. ಫಿಲಿಪೀನ್ಸ್‌ನ ನರ್ಸು. ನನ್ನ ಮಂಡಿ ಆಪರೇಷನ್ ಆದಾಗ ಮನೆಗೆ ಬಂದು ನೋಡಿಕೊಂಡವಳು. ಲಿಫ್ಟಿನ ಮುಂದಿನ ಕಾರಿಡಾರಿನಲ್ಲಿ ನನ್ನನ್ನು ದಿನಾ ನಡೆಸುತ್ತಿದ್ದಳು. ನಾನು ಮುಂದೆ, ಅವಳು ಹಿಂದೆ. ಬಿದ್ದುಬಿಟ್ಟರೆ ಹಿಡಿಯಲು ಇದ್ದಾಳೋ ಇಲ್ಲವೋ ಎಂದು ನಾನು ನಾಲ್ಕು ಹೆಜ್ಜೆಗೊಮ್ಮೆ ತಿರುಗುತ್ತಿದ್ದೆ. “ಹಿಂದೆ ನೋಡಬೇಡಿ ಅಮ್ಮ, ನಾನಿದ್ದೀನಿ” ಎಂದು ಅವಳು, ಮತ್ತೆ ತಿರುಗುವ ನಾನು. ಅವಳಷ್ಟು ಗದರಿದವರು ನನ್ನ ಜೀವಮಾನದಲ್ಲಿ ಇನ್ನೊಬ್ಬರಿಲ್ಲ. ನನ್ನ ಕಾಫಿಯಿಂದ ಸಕ್ಕರೆ ತೆಗೆಸಿ, ನನ್ನೆದುರೇ ಕೂತು ತನ್ನ ಚಹಾಕ್ಕೆ ಮೂರು ಚಮಚ ಹಾಕಿಕೊಳ್ಳುತ್ತಿದ್ದಳು. ಮೊಮ್ಮಗಳು ಮಾನ್ಯಳನ್ನು ನೋಡಿಕೊಳ್ಳಲು ತನ್ನ ಚಿಕ್ಕಮ್ಮನ ಮಗಳು ಮೆಟಿಲ್ಡಾಳನ್ನು ತಂದುಬಿಟ್ಟವಳೂ ಅವಳೇ. ಆಮೇಲೆ ದುಬೈಗೆ ಕೆಲಸ ಬದಲಾಯಿಸಿದಳು. ಹೋದ ವಾರ ಡ್ಯೂಟಿ ಮುಗಿಸಿ ಬಂದು ಕೂತವಳು ಏಳಲಿಲ್ಲವಂತೆ.

ದೇಹ ಊರಿಗೆ ಹೋಗಲು ಇನ್ನೂ ಕಾಗದಪತ್ರ ಆಗಬೇಕಿತ್ತು. ಅಲ್ಲಿಯವರೆಗೆ ದುಬೈನ ಅಲ್ ಮುರಕ್ಕಬಾತ್‌ನ ಅವಳ ರೂಮಿನಲ್ಲಿ ಗೆಳತಿಯರು ಸೇರಿ ಪ್ರಾರ್ಥನೆ ಇಟ್ಟುಕೊಂಡಿದ್ದರು. ಶನಿವಾರ ಮಧ್ಯಾಹ್ನ ನಾನು, ಮೆಟಿಲ್ಡಾ, ನಿಶಾಂತ್ ಹೋದೆವು. ಮೇಜಿನ ಮೇಲೆ ಅನ್ನಾಳ ಫೋಟೋ, ಮೇಣದಬತ್ತಿ, ಪಕ್ಕದಲ್ಲಿ ಒಂದು ತಟ್ಟೆ ಅನ್ನ. ನಮ್ಮಲ್ಲಿ ಎಡೆ ಇಡುವ ಹಾಗೆಯೇ ಇದೆಯಲ್ಲ ಎಂದುಕೊಂಡೆ. ಇಬ್ಬರು ಹೆಂಗಸರು ಅಳುತ್ತಿದ್ದರು, ಪಕ್ಕದಲ್ಲೇ ನಾಲ್ವರು ಇಸ್ಪೀಟು ಆಡುತ್ತಿದ್ದರು. ಸತ್ತವರ ಹತ್ತಿರ ಜನ ಎಚ್ಚರವಾಗಿರಲಿ ಎಂದು ಆಡುವುದಂತೆ. ನಮ್ಮ ಕಡೆಯ ಗಂಡಸರಿಗೆ ಈ ವಿಷಯ ಗೊತ್ತಾಗದಿರುವುದೇ ಒಳ್ಳೆಯದು.

ಹೊರಡುವಾಗ ಯಾರೂ ಬಾಗಿಲವರೆಗೆ ಬರಲಿಲ್ಲ. ಥ್ಯಾಂಕ್ಸ್ ಅನ್ನಲಿಲ್ಲ. ನನಗೆ ಸ್ವಲ್ಪ ಚುರುಕ್ ಅಂದಿತು. ಮೆಟ್ಟಿಲಿಳಿಯುತ್ತಾ ಮೆಟಿಲ್ಡಾ ಹೇಳಿದಳು, ಸಾವಿನ ಮನೆಯಿಂದ ಯಾರನ್ನೂ ಬೀಳ್ಕೊಡಬಾರದಂತೆ. ನಮ್ಮಲ್ಲೂ ಅಷ್ಟೇ ತಾನೆ, ಅಲ್ಲಿ ‘ಹೋಗಿಬರ್ತೀನಿ’ ಅನ್ನಕೂಡದು. ಸಮಾಧಾನವಾಯಿತು. ಅಷ್ಟರಲ್ಲಿ ನಿಶಾಂತ್ ಕೈಯಲ್ಲಿ ಒಂದು ಡಬ್ಬಿ ನೂಡಲ್ಸ್ ಕಂಡಿತು. ಮೆಟಿಲ್ಡಾ ಅದನ್ನು ಕಸಿದುಕೊಂಡು ಹೋಗಿ ಅಲ್ಲೇ ಕೊಟ್ಟುಬಂದಳು. ಅಲ್ಲಿನ ತಿಂಡಿ ಮನೆಗೆ ಒಯ್ಯಬಾರದು. ಈ ಹುಡುಗಿಗೆ ಆಚಾರ ಗೊತ್ತಿದೆ ಎಂದು ನಾನು ಮೆಚ್ಚಿಕೊಂಡೆ. ನಮ್ಮ ಸ್ನೇಹ ಕಾರು ಹತ್ತುವವರೆಗೆ ನಡೆಯಿತು.

ನಮ್ಮಿಬ್ಬರ ಮಾತು ಇಂಗ್ಲಿಷು, ಮಾನ್ಯಳಿಂದ ಅವಳು ಕಲಿತ ಕನ್ನಡ, ಕೈಸನ್ನೆ, ಮೂರೂ ಬೆರೆತದ್ದು. ಇಲ್ಲಿ ನೇರ ಮಾಡಿ ಬರೆದಿದ್ದೇನೆ.

“ಸರ್, ದಾರಿಯಲ್ಲಿ ಎಲ್ಲಾದ್ರೂ ನಿಲ್ಲಿಸಿ” ಅಂದಳು ಮೆಟಿಲ್ಡಾ. “ಮಾಲ್ ಆದ್ರೂ ಸರಿ, ಬಂಕ್ ಆದ್ರೂ ಸರಿ. ಎಲ್ಲರೂ ಇಳೀಬೇಕು. ಏನಾದ್ರೂ ಕುಡಿದು ಹೋಗೋಣ.”

“ಎಲ್ಲೂ ನಿಲ್ಲಿಸ್ಬೇಡ ನಿಶಾಂತ್” ಅಂದೆ ನಾನು. “ನೆಟ್ಟಗೆ ಮನೆ.”

“ನೆಟ್ಟಗೆ ಮನೆಗೆ ಹೋಗೋ ಹಾಗೇ ಇಲ್ಲ ಅಮ್ಮ. ಹೋದ್ರೆ ಸತ್ತವರು ಜೊತೆಗೆ ಬರ್ತಾರೆ. ನಡುವೆ ಎಲ್ಲಾದ್ರೂ ಇಳಿದು ಅವರನ್ನ ಕೊಡವಿ ಹೋಗ್ಬೇಕು. ಪಗ್‌ಪಗ್ ಅಂತೀವಿ.”

ನೋಡಿ ಈ ಫಜೀತಿ. ಒಂದೇ ಕಾರು. ಅವಳು ಎಲ್ಲಾದರೂ ಇಳಿಯದೆ ಮನೆಗೆ ಹೋಗುವಂತಿಲ್ಲ, ನಾನು ಮನೆಗೆ ಹೋಗದೆ ಎಲ್ಲೂ ಇಳಿಯುವಂತಿಲ್ಲ. ಸ್ಟೀರಿಂಗ್ ಹಿಡಿದ ನಿಶಾಂತನಿಗೆ ಅತ್ತ ದರಿ ಇತ್ತ ಪುಲಿ. ಆ ಪುಲಿ ನಾನೇ.

“ನೀವಿಬ್ರೂ ಡಿಸೈಡ್ ಮಾಡಿ ಹೇಳಿ” ಎಂದು ಅವನು ಏಸಿ ಹೆಚ್ಚಿಸಿದ. ಕಷ್ಟ ಬಂದಾಗಲೆಲ್ಲ ಅವನು ಏಸಿ ಹೆಚ್ಚಿಸುತ್ತಾನೆ.

“ಅವಳೊಬ್ಬಳನ್ನ ಇಳಿಸಿದ್ರಾಯ್ತು” ಅಂದೆ. “ನಾನು ಕಾರಲ್ಲೇ ಕೂತಿರ್ತೀನಿ.”

“ನೀವು ಕಾರಲ್ಲಿದ್ರೆ ಅನ್ನಾನೂ ಕಾರಲ್ಲೇ ಇರ್ತಾಳೆ” ಅಂದಳು ಮೆಟಿಲ್ಡಾ.

ನಾನು ಪಕ್ಕದ ಖಾಲಿ ಸೀಟಿನ ಕಡೆ ನೋಡಲಿಲ್ಲ. ನೋಡಬೇಕೆನ್ನಿಸಿತು, ಆದರೂ ನೋಡಲಿಲ್ಲ. “ಇದೆಲ್ಲ ಮೂಢನಂಬಿಕೆ ಕಣೇ” ಅಂದೆ. ಕನ್ನಡಿಯಲ್ಲಿ ನಿಶಾಂತ್ ನನ್ನನ್ನೇ ನೋಡಿದ. ಏನೋ ಹೇಳಲು ಹೊರಟವನು ಏಸಿ ಇನ್ನಷ್ಟು ಹೆಚ್ಚಿಸಿದ, ಬುದ್ಧಿವಂತ.

ಊರು ದಾಟಿ ಹೆದ್ದಾರಿಯಲ್ಲಿ ಅರ್ಧ ದಾರಿ ಬಂದಿದ್ದೆವು. ಮೆಟಿಲ್ಡಾ ಬಿಕ್ಕುತ್ತಿದ್ದಾಳೆಂದು ಗೊತ್ತಾದದ್ದು ಆಗಲೇ. ತಿರುಗಾಡುವ ಆಸೆಗೆ ಹಟ ಮಾಡುತ್ತಿದ್ದಾಳೆಂದು ನಾನು ತಿಳಿದಿದ್ದೆ.

“ರಜೆ ದಿನ ನಾನು ಹೋಗೋ ರೂಮಿನ ಹುಡುಗಿಯರೆಲ್ಲ ನಗ್ತಾರೆ” ಅಂದಳು. “ಇಲ್ಲಿ ಯಾರಿಗೆ ಟೈಮಿದೆ ಅಂತಾರೆ. ಇದನ್ನೆಲ್ಲ ಹಿಡಿದು ಮಾಡಿಸ್ತಿದ್ದವಳು ಅನ್ನಾ ಒಬ್ಬಳೇ. ಅವಳ ಸಾವಿಗೇ ನಾನು ಬಿಟ್ರೆ ಖಲಾಸ್, ಇನ್ನು ಯಾರಿಗೂ ಮಾಡಲ್ಲ. ಮತ್ತೆ ಅಮ್ಮ, ನಾನು ಈಗ ಹೋಗೋ ಮನೆ ಯಾವುದು? ನಿಮ್ಮದೇ. ಅಲ್ಲಿ ಮಾನ್ಯ ಇದಾಳೆ. ಮೊನ್ನೆ ತಾನೇ ಜ್ವರ ಬಿಟ್ಟಿದೆ. ಅನ್ನಾಗೆ ಅವಳಂದ್ರೆ ಪ್ರಾಣ. ಪ್ರೀತಿಯಿಂದಲೇ ನೋಡೋಕೆ ಬರ್ತಾಳೆ. ಆದ್ರೆ ಸತ್ತವರ ದೃಷ್ಟಿ ಮಗು ತಡ್ಕೊಳ್ಳಲ್ಲ.”

ಅಲ್ಲಿಯವರೆಗೆ ಮೂಢನಂಬಿಕೆಯಾಗಿದ್ದದ್ದು, ಮಾನ್ಯಳ ಹೆಸರು ಬಂದ ಕೂಡಲೇ ಶಾಸ್ತ್ರವಾಯಿತು.

“ನಿಶಾಂತ್, ಬಂಕ್ ಎಲ್ಲಿದೆ?” ಅಂದೆ.

ಬಂಕ್ ಬಂತು. ದೊಡ್ಡದು, ಅಂಗಡಿ, ಚಹಾದ ಕೌಂಟರು, ಜನವೋ ಜನ. ಮೆಟಿಲ್ಡಾ ಇಳಿದು ನನ್ನ ಬಾಗಿಲು ತೆಗೆದಳು. ನಾನು ಒಂದು ಕಾಲು ಹೊರಗಿಟ್ಟೆ, ಹಿಂದಕ್ಕೆ ತೆಗೆದುಕೊಂಡೆ. ಮೈಲಿಗೆಯಲ್ಲಿ ಈ ಜನರ ನಡುವೆ ಹೇಗೆ ಹೋಗಲಿ? ಮಕ್ಕಳು ಮರಿ ಓಡಾಡುತ್ತಿದ್ದವು. ಅವರಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತಲ್ಲ. ಸ್ನಾನವಾಗದೆ ಇಳಿಯಲಾರೆ, ಇಳಿಯದಿದ್ದರೆ ಅನ್ನಾ ಮನೆಗೆ.

“ಅಲ್ಲಿ ಕಾರ್ ವಾಷ್ ಇದೆ ಅತ್ತೆ, ಕಾರಿಗೆ ಬೇಕಾದ್ರೆ ಸ್ನಾನ ಮಾಡಿಸ್ಬಹುದು” ಅಂದ ನಿಶಾಂತ್, ಬೇಸತ್ತು. ತಮಾಷೆಗೆ ಅಂದದ್ದು.

ನಾನು ಕಾರ್ ವಾಷ್ ನೋಡಿದೆ. ಮೆಟಿಲ್ಡಾ ನೋಡಿದಳು. ಒಳಗೆ ದಪ್ಪ ಬ್ರಷ್ಷುಗಳು ಗರಗರ ತಿರುಗುತ್ತಿದ್ದವು, ನೀರು ಧಾರಾಕಾರ.

“ಚೆನ್ನಾಗಿ ಕೊಡವುತ್ತೆ” ಅಂದಳು ಅವಳು.

“ನಡಿ” ಅಂದೆ ನಾನು. ಅವಳು ಮತ್ತೆ ಕಾರು ಹತ್ತಿದಳು.

ಅಲ್ಲಿನ ಕೆಲಸಗಾರ ಹಾಶಿಮ್, ಎದೆಯ ಮೇಲೆ ಹೆಸರಿನ ಚೀಟಿ ಇತ್ತು, ಕಿಟಕಿಗಳೆಲ್ಲ ಮುಚ್ಚಿವೆಯೇ ಎಂದು ಸುತ್ತ ನೋಡಿ, ಯಲ್ಲಾ ಎಂದು ಕೈಬೀಸಿದ. ಕಾರು ಒಳಗೆ ಸರಿಯಿತು. ಮೊದಲ ನೀರು ಬಿದ್ದದ್ದೇ ನಾನು ನನ್ನ ಕಡೆಯ ಕಿಟಕಿಯ ಗುಂಡಿ ಒತ್ತಿದೆ.

“ಅತ್ತೆ” ಅಂದ ನಿಶಾಂತ್. ಆಮೇಲೆ “ಅತ್ತೆ, ಲೆದರ್ ಸೀಟು” ಅಂದ. ಆಮೇಲೆ ಅವನ ಬಾಯಿಗೂ ನೀರು ಹೋಯಿತು.

ನಾನು ತಲೆ ಮುಂದೆ ಮಾಡಿ ಕಣ್ಣು ಮುಚ್ಚಿ ಗಂಗೆ ಯಮುನೆಯರನ್ನು ಹೆಸರು ಹಿಡಿದು ಕರೆದೆ. ಗಂಗೆ ಬಂದಳು, ಆದರೆ ನಿಂಬೆಹಣ್ಣಿನ ವಾಸನೆಯ ನೊರೆಯೊಂದಿಗೆ. ಒಂದು ಬ್ರಷ್ಷು ನನ್ನ ಜಡೆ ಸವರಿಕೊಂಡು ಹೋಯಿತು. ಅತ್ತ ಮೆಟಿಲ್ಡಾ ತನ್ನ ಕಿಟಕಿಯನ್ನೂ ಇಳಿಸಿದ್ದಳು. ಆಚೆ ಬರುವಾಗ ದೊಡ್ಡ ಫ್ಯಾನು ಬೇರೆ ಬೀಸಿತು. ಹಾಶಿಮ್ ಬಾಯಿ ತೆರೆದು ನಿಂತಿದ್ದ. ಉಟ್ಟ ಸೀರೆಯಲ್ಲಿ, ತಲೆಯಿಂದ ಕಾಲವರೆಗೆ, ನಮ್ಮಜ್ಜಿಗೂ ಇಷ್ಟು ಶುದ್ಧ ಸಚೇಲ ಸ್ನಾನ ಆಗಿರಲಾರದು.

ನೀರು ತೊಟ್ಟಿಕ್ಕಿಸುತ್ತಾ ನಾವು ಅಂಗಡಿಯೊಳಗೆ ಹೋದೆವು. ಜನ ದಾರಿ ಬಿಟ್ಟರು. ಮೆಟಿಲ್ಡಾ ನಾಲ್ಕು ಕರಕ್ ಚಹಾ ತಂದಳು. ನಾಲ್ಕನೆಯದಕ್ಕೆ ಮೂರು ಪೊಟ್ಟಣ ಸಕ್ಕರೆ ಸುರಿದು, ಮೇಜಿನ ಖಾಲಿ ಕುರ್ಚಿಯ ಮುಂದೆ ಇಟ್ಟಳು. ಆಗ ನನಗೆ ಅಳು ಬಂತು. ಪ್ರಾರ್ಥನೆಯಲ್ಲಿ ಬಂದಿರಲಿಲ್ಲ, ಫೋಟೋ ನೋಡಿದಾಗ ಬಂದಿರಲಿಲ್ಲ. ಸಕ್ಕರೆ ನೋಡಿ ಬಂತು. ಅನ್ನಾ ಇಲ್ಲ ಎನ್ನುವುದು ಆಗಲೇ ನನಗೆ ಅರ್ಥವಾದದ್ದು.

“ಇಲ್ಲೇ ಬಿಟ್ಟುಹೋಗೋದಾ ಅವಳನ್ನ?” ಅಂದೆ. “ಬಂಕಿನಲ್ಲಿ?”

“ಸ್ವಲ್ಪ ಹೊತ್ತು ಇರ್ತಾಳೆ ಅಮ್ಮ. ಜನ ನೋಡ್ತಾಳೆ, ಚಹಾ ಕುಡೀತಾಳೆ. ನಾವಿಲ್ಲ ಅಂತ ಗೊತ್ತಾದ್ಮೇಲೆ ಊರಿಗೆ ಹೋಗ್ತಾಳೆ. ಅಲ್ಲಿ ಅವಳಮ್ಮ ಕಾಯ್ತಿದ್ದಾರೆ.”

ಮಗಳನ್ನು ಕಾಯುತ್ತಿರುವ ತಾಯಿಯ ಮಾತು ಬಂದಮೇಲೆ ನಾನು ನನ್ನ ಚಹಾ ಎತ್ತಿಕೊಂಡೆ. ಮೂವರೂ ಚಹಾ ಕುಡಿದು ಮುಗಿಸಿದೆವು. ನಿಶಾಂತನೂ ತಲೆಯ ನೊರೆ ಒರೆಸಿಕೊಳ್ಳುತ್ತಾ ಕೊನೆಯ ತೊಟ್ಟಿನವರೆಗೆ ಕುಡಿದ. ಏಳುವಾಗ ‘ಬರ್ತೀನಮ್ಮ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಕಚ್ಚಿ ಹಿಡಿದೆ.

ಬಾಗಿಲು ದಾಟುವಾಗ ಒದ್ದೆ ನೆಲದ ಮೇಲೆ ಮಂಡಿ ಸ್ವಲ್ಪ ನಡುಗಿತು. ನಾನು ಹಿಂದೆ ತಿರುಗಲು ಹೊರಟೆ.

“ಹಿಂದೆ ನೋಡಬೇಡಿ ಅಮ್ಮ” ಅಂದಳು ಮೆಟಿಲ್ಡಾ. ನೋಡಿದರೆ ಮಾಡಿದ್ದೆಲ್ಲ ವ್ಯರ್ಥವಂತೆ.

ಇದೇ ಮಾತನ್ನು ಅನ್ನಾ ಆ ಕಾರಿಡಾರಿನಲ್ಲಿ ನೂರು ಸಲ ಹೇಳಿದ್ದಳು, ನಾನು ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳಿದೆ. ಕಾರಿನವರೆಗೂ ಮುಂದೆ ನೋಡಿಕೊಂಡೇ ನಡೆದೆ, ಬೀಳಲಿಲ್ಲ.