ಚಿಕ್ಕಪ್ಪ ಎಳೆಯುತ್ತಿದ್ದ ಸೀಟಿ

ಮೂರು ಮ್ಯೂಸಿಯಂಗಳು ಕೂಡಿ ಒಂದು ಸಂಶೋಧನೆ ಮಾಡುತ್ತವೆ ಎಂದಾಗಲೇ ನನಗೆ ತಲೆನೋವು ಶುರುವಾಗಿತ್ತು. ನಮ್ಮದು ಮುಚ್ಚಿಹೋದ ನೂಲಿನ ಮಿಲ್ಲಿನ ಬಾಯ್ಲರ್ ಕೋಣೆಯಲ್ಲಿರುವ ಪುಟ್ಟ ಮ್ಯೂಸಿಯಂ. ಬೀಗ ತೆಗೆಯುವವಳೂ ನಾನೇ, ಕಸ ಗುಡಿಸುವವಳೂ ನಾನೇ, ಬಂದವರಿಗೆ ವಿವರಿಸುವವಳೂ ನಾನೇ. ಮಿಲ್ಲಿನ ಹಿತ್ತಾಳೆ ಸೀಟಿ ಪಕ್ಕದ ಊರಿನ ಮ್ಯೂಸಿಯಂ ಪಾಲಾಗಿತ್ತು. ಅದನ್ನು ಎಳೆಯುವ ಸರಪಳಿಯೂ ಮರದ ಹಿಡಿಯೂ ನಮ್ಮಲ್ಲಿದ್ದವು. ಮೂರನೆಯವರ ಹತ್ತಿರ ಹಬೆಯ ಬದಲು ಗಾಳಿ ಕೊಡುವ ಕಂಪ್ರೆಸರ್ ಇತ್ತು, ಜೊತೆಗೆ ಬೇಡವೆಂದರೂ ಕೊಡುವ ಸಲಹೆಗಳಿದ್ದವು. ಎಲ್ಲವನ್ನೂ ಜೋಡಿಸಿ, ಒಂದು ಕಾಲಕ್ಕೆ ಊರನ್ನೇ ಆಳಿದ ಆ ಕೂಗನ್ನು ಮತ್ತೆ ಕೂಗಿಸಿ ರೆಕಾರ್ಡ್ ಮಾಡಬೇಕಿತ್ತು.

ಇದರ ಮುಂದಾಳಾದ ಸಂಶೋಧಕಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ತಾಳ್ಮೆಯಲ್ಲಿ ದೊಡ್ಡವಳು. "ಸೀಟಿ ಒಂದೇ ಆದ್ರೂ ಎಳೆಯೋರ ಕೈ ಬೇರೆ ಬೇರೆ ಅಲ್ವಾ? ಒಬ್ಬೊಬ್ಬರು ಹೇಗೆ ಎಳೀತಿದ್ರು ಅನ್ನೋದು ನಮಗೆ ಬೇಕು," ಎಂದಳು. ಸರಿ, ಮಿಲ್ಲಿನಲ್ಲಿ ದುಡಿದ ಇಬ್ಬರು ಹಿರಿಯರನ್ನು ಕರೆಸಿದೆವು. ಒಬ್ಬರು ಉದ್ದಕ್ಕೆ ಕೂಗಿ ತೋರಿಸಿದರು, ಇನ್ನೊಬ್ಬರು ನಡುವೆ ತುಂಡರಿಸಿದರು, ಆಮೇಲೆ ಇಬ್ಬರೂ ಜಗಳಕ್ಕೇ ನಿಂತರು. "ಅಯ್ಯೋ, ಬಾಯಲ್ಲೇ ಮಿಲ್ಲು ನಡೆಸ್ಬಿಡ್ತೀರಲ್ಲ, ಕೂತ್ಕೊಳ್ಳಿ!" ಎಂದು ಗದರಿಸಿ ಕೂರಿಸಿದೆ. ನನ್ನ ಚಿಕ್ಕಪ್ಪ ಹೇಗೆ ಎಳೆಯುತ್ತಿದ್ದರು ಎಂದು ಕೇಳಿದಾಗ ಮಾತ್ರ ಇಬ್ಬರೂ ಮುಖ ಮುಖ ನೋಡಿಕೊಂಡರು.

ಚಿಕ್ಕಪ್ಪ ಈ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಸಂಜೆ ಪಾಳಿ ಬಿಡುವಾಗ ಸೀಟಿ ಎಳೆಯುವುದೂ ಅವರದೇ ಕೆಲಸ. ಒಂದು ಸಂಜೆ, ಸೀಟಿಗೆ ಇನ್ನೇನು ಹೊತ್ತಾಯಿತು ಎನ್ನುವಾಗ, ಎದೆ ಹಿಡಿದುಕೊಂಡು ಇಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ತಾಯಿಯಿಲ್ಲದ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ. ಅವರದೊಂದು ನೆಟ್ಟಗಿನ ಫೋಟೊ ಕೂಡ ಉಳಿದಿಲ್ಲ. ಅವರದು ಎನ್ನುವುದು ಏನಾದರೊಂದು ಈ ಕೋಣೆಯಲ್ಲಿ ಇರಲೇಬೇಕೆಂಬ ಹಟ ನನಗೆ. ಅವರ ಸೀಟಿಯ ಬಗೆ ಗೊತ್ತಿರುವವಳು ಚಿಕ್ಕಮ್ಮ ಒಬ್ಬಳೇ; ಅವಳೋ ಮ್ಯೂಸಿಯಂ ಕಡೆ ತಲೆ ಹಾಕಿಯೂ ಮಲಗುವವಳಲ್ಲ.

ನಾನು ಕೇಳಲು ಹೋದಾಗ ಚಿಕ್ಕಮ್ಮ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು.

"ಚಿಕ್ಕಪ್ಪ ಹೇಗೆ ಎಳೀತಿದ್ರು, ಹೇಳು ಚಿಕ್ಕಮ್ಮ."

"ನಿನಗೆ ಬೇರೆ ಕೆಲಸ ಇಲ್ವಾ?"

"ಇಲ್ಲ. ಇದೇ ಕೆಲಸ, ಇದಕ್ಕೇ ಸಂಬಳ."

ಹಾಸಿಗೆ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಮಡಚುತ್ತಲೇ ಮಾತು ಬಂತು.

"ಉದ್ದಕ್ಕೆ ಒಂದು ಎಳೆಯೋರು. ನಿಲ್ಲಿಸಿ, ಆಮೇಲೆ ಚಿಕ್ಕದೊಂದು. ಆ ಚಿಕ್ಕದು ನನಗೆ. ಹೊರಟೆ, ಬರ್ತಾ ಇದೀನಿ ಅಂತ. ಮ್ಯಾನೇಜರ್ ಬೈದ್ರೆ, ಕೈ ಜಾರ್ತು ಸಾರ್, ಅಂದುಬಿಡೋರು."

ಈ ವಯಸ್ಸಿನಲ್ಲೂ ಅವಳ ಮುಖ ಕೆಂಪಾಯಿತು. ಹೊದಿಕೆಯನ್ನು ಇನ್ನೊಂದು ಮಡಿಕೆ ಮಡಚಿ ಹೇಳಿದಳು: "ಅವತ್ತು ಉದ್ದದ್ದು ಬಂತು. ಚಿಕ್ಕದು ಬರ್ಲಿಲ್ಲ. ಬೇರೆ ಯಾರೋ ಎಳೆದಿದಾರೆ ಅಂತ ಗೊತ್ತಾಯ್ತು. ಆದ್ರೂ ಬಾಗಿಲಲ್ಲೇ ನಿಂತಿದ್ದೆ ಕಣೆ, ಮಿಲ್ಲಿನವರು ಬಂದು ಹೇಳೋವರೆಗೂ."

ನನ್ನ ನಾಲಿಗೆಗೆ ಹಿಂದು ಮುಂದು ಇಲ್ಲ. "ನೀನೇ ಬಂದು ಎಳಿ. ನೀನೂ ಹೋದ್ಮೇಲೆ ಇದು ಯಾರಿಗೂ ಗೊತ್ತಿರಲ್ಲ," ಎಂದುಬಿಟ್ಟೆ. ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕೆಲವು ದಿನ ಕಳೆದ ಮೇಲೆ ತಾನಾಗಿಯೇ, "ಯಾವತ್ತು ಬರ್ಬೇಕು?" ಎಂದು ಕೇಳಿದಳು.

ರೆಕಾರ್ಡ್ ಮಾಡುವ ದಿನ ಸೀಟಿಯನ್ನು ತಂದು ಜೋಡಿಸಿಯಾಗಿತ್ತು, ಕಂಪ್ರೆಸರ್ ಗೋಡೆ ನಡುಗಿಸುತ್ತಿತ್ತು. ಚಿಕ್ಕಮ್ಮ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. ಬಾಯ್ಲರ್ ಮುಂದಿನ ನೆಲವನ್ನು ಮಾತ್ರ ನೋಡಲಿಲ್ಲ. ಹಿಡಿ ಒಂದು ಬದಿಗೆ ಸವೆದಿತ್ತು, ಆ ಸವಕಲಿನ ಮೇಲೇ ಬೆರಳಿಟ್ಟು ಎಳೆದಳು. ಕಿಟಕಿಯ ಗಾಜು ಅದುರಿತು. ಹಿರಿಯರಿಬ್ಬರೂ ಕುರ್ಚಿ ಬಿಟ್ಟು ಎದ್ದು ನಿಂತರು. ಉದ್ದದ ಕೂಗು ಮುಗಿಯಿತು.

ನಾನು ಚಿಕ್ಕದಕ್ಕೆ ಕಾದೆ. ಅವಳ ಕೈ ಇನ್ನೂ ಹಿಡಿಯ ಮೇಲಿತ್ತು. ಬೆರಳುಗಳು ಬಿಗಿದವು, ಆಮೇಲೆ ಸಡಿಲಾದವು. ಹಿಡಿಯನ್ನು ಬಿಟ್ಟುಬಿಟ್ಟಳು.

"ಅಮ್ಮ, ಆ ಚಿಕ್ಕದು..." ಎಂದಳು ಸಂಶೋಧಕಿ.

"ಅದು ಬೇಡಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. "ಏನು ಚಿಕ್ಕಮ್ಮ, ಒಪ್ಪಿಕೊಂಡು ಬಂದು ಹೀಗೆ ಮಾಡ್ತೀಯ? ಅದಿಲ್ದೆ ಹೋದ್ರೆ ಇದು ಯಾರು ಬೇಕಾದ್ರೂ ಎಳೆದದ್ದಾಗುತ್ತೆ. ಚಿಕ್ಕಪ್ಪನದು ಹೇಗಾಗುತ್ತೆ?"

"ಎಳೆಯೋದೇನೂ ಕಷ್ಟ ಇಲ್ಲ ಕಣೆ," ಎಂದಳು. "ಆದ್ರೆ ಅದು ಕೂಗಿಬಿಟ್ರೆ ನಾನು ಮನೆಗೆ ಹೋಗಿ ಮತ್ತೆ ಬಾಗಿಲಲ್ಲಿ ನಿಂತ್ಕೋಬೇಕಾಗುತ್ತೆ. ಇನ್ನೊಂದು ಸಲ ಕಾಯೋಕೆ ನನ್ನ ಕೈಲಿ ಆಗಲ್ಲ."

ಸಂಶೋಧಕಿ ಮೆಲ್ಲಗೆ ರೆಕಾರ್ಡರ್ ಆರಿಸಿದಳು. ಅಷ್ಟು ಬಾಯಿ ಮಾಡಿದ ನಾನು ಎಲ್ಲರೆದುರೇ ಗಳಗಳ ಅತ್ತುಬಿಟ್ಟೆ. ಸರಪಳಿಯ ತುಕ್ಕು ಹತ್ತಿದ ಕೈಯಲ್ಲೇ ನನ್ನ ಕಣ್ಣು ಒರೆಸಿ ಚಿಕ್ಕಮ್ಮ, "ಸಾಕು, ನಡಿ. ಬೀಗ ಹಾಕು," ಎಂದಳು.