ಔಟಾದವರ ಬೆಂಚು

ಡ್ರೈವರ್ ತಾತನಿಗೆ ಷೆಡ್ಡಿನಲ್ಲಿ ಕೂರುವ ಚಟ ಹತ್ತಿ ಎಂಟು ತಿಂಗಳಾಗಿತ್ತು. ಬೆಳಗಿನ ಕಾಫಿ ಮುಗಿಯಿತೋ ಇಲ್ಲವೋ, ವಾಕರ್ ತಳ್ಳಿಕೊಂಡು ಹೋಗಿ, ಏದುಸಿರು ಬಿಡುತ್ತಾ ತನ್ನ ಹಳೇ ವ್ಯಾನು ಹತ್ತಿ ಸ್ಟೀರಿಂಗ್ ಮುಂದೆ ಕೂತನೆಂದರೆ ಆಯಿತು. ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಕೀ ಮಾತ್ರ ಅಂಗಿಯ ಜೇಬಿನಲ್ಲೇ. ಮಲಗುವಾಗಲೂ ಅಲ್ಲೇ.

ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು, ಬಲಗೈಯ ಹಿಡಿತವೂ ಅಷ್ಟಕ್ಕಷ್ಟೇ. ನಲವತ್ತು ವರ್ಷ ಬಸ್ಸು, ವ್ಯಾನು ಓಡಿಸಿದ ಮನುಷ್ಯ. ಅವನಿಗೆ ತಿಳಿಯಬೇಕಾದದ್ದು ಒಂದೇ ಒಂದು: ಮತ್ತೆ ಗಾಡಿ ಓಡಿಸುತ್ತೇನೋ ಇಲ್ಲವೋ? ಡಾಕ್ಟರನ್ನು ಕೇಳಿದರೆ "ನೋಡೋಣ" ಅಂದರು. ವ್ಯಾಯಾಮ ಮಾಡಿಸುವವನು "ಬಿಡಬೇಡಿ, ಪ್ರಯತ್ನ ಮಾಡ್ತಾ ಇರಿ" ಅಂದ. ಮಗಳಂತೂ "ಮುಂದಿನ ತಿಂಗಳು ನೋಡೋಣ ಅಪ್ಪ" ಅಂದಳು. ಈ ಮುಂದಿನ ತಿಂಗಳು ಎನ್ನುವುದು ಎಂಟು ಸಲ ಬಂದು, ಎಂಟು ಸಲ ಹೋಗಿತ್ತು. ಎಲ್ಲರೂ ಸೇರಿ ತನ್ನ ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದು ತಾತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಆಸೆ ಎನ್ನುವುದು ಕೇಳಬೇಕಲ್ಲ!

ಆ ವ್ಯಾನಿನಲ್ಲಿ ಕೂತರೆ ಸಾಕು, ಶನಿವಾರಗಳು ನೆನಪಾಗುತ್ತಿದ್ದವು. ಹಿಂದಿನ ಸೀಟು ಕಿತ್ತು ಗಾಲಿಕುರ್ಚಿಗಳಿಗೆ ಜಾಗ ಮಾಡಿದ್ದು, ಹತ್ತಿಸಲು ಇಳಿಜಾರು ಹಲಗೆ ಕೂರಿಸಿದ್ದು, ಎಲ್ಲಾ ಅವನದೇ ಕೈಕೆಲಸ. ನೆಲದ ಮೇಲೆ ಚಕ್ರ ಉಜ್ಜಿದ ಎರಡು ಗೆರೆಗಳು ಇವತ್ತಿಗೂ ಹಾಗೇ ಇವೆ. ಹದಿನಾರು ವರ್ಷದ ಹಿಂದೆ ಅದರೊಳಗೆ ಐದು ಮಕ್ಕಳು ಕಿತ್ತಾಡಿಕೊಂಡು, ಕಿರುಚಿಕೊಂಡು ಬೇಸ್‌ಬಾಲ್ ಆಡಲು ಹೋಗುತ್ತಿದ್ದವು. ಎಂಥ ಗಲಾಟೆ ಅಂತೀರಿ! ಆಗ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದೇ ಗಲಾಟೆಗಾಗಿ ಕಿವಿ ಹಾತೊರೆಯುತ್ತದೆ.

ಅದು ಅಂಗವಿಕಲ ಮಕ್ಕಳಿಗಾಗಿಯೇ ಹೊಂದಿಸಿದ ಆಟ. ಮೈದಾನಕ್ಕೆ ಮೆತ್ತನೆಯ ರಬ್ಬರ್ ನೆಲ. ನಾಲ್ಕು ಮೂಲೆಯ ಬೇಸ್‌ಗಳನ್ನು ಉಬ್ಬಿಲ್ಲದೆ ಬಣ್ಣದಲ್ಲೇ ಬಳಿದಿದ್ದರು, ಚಕ್ರವಾಗಲಿ ಊರುಗೋಲಾಗಲಿ ಸಿಕ್ಕಿಕೊಳ್ಳದಿರಲಿ ಅಂತ. ಎಸೆದ ಚೆಂಡನ್ನು ಹೊಡೆಯಲಾಗದವರಿಗೆ ರಬ್ಬರ್ ಕಂಬದ ಮೇಲೆ ಇಟ್ಟ ಚೆಂಡು. ಕಣ್ಣು ಕಾಣದ ಹುಡುಗನಿಗೆ ಕೀಂಕೀಂ ಎಂದು ಸದ್ದು ಮಾಡುವ ಚೆಂಡು. ಹೊಡೆದು, ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್ನು. ಬೇರೆ ಕಡೆಯಾದರೆ ಓಡುವವರಿಗಿಂತ ಮೊದಲು ಚೆಂಡು ಬೇಸ್ ತಲುಪಿದರೆ ಔಟು; ಇಲ್ಲಿ ನಿಯಮ ಒಂದೇ: ಯಾರೂ ಔಟಿಲ್ಲ.

ತಾತನ ಗಂಟಲು ದೊಡ್ಡದೆಂದು, ಮಕ್ಕಳಿಗೆ ಆಟ ಕಲಿಸುತ್ತಿದ್ದ ಕೋಚಮ್ಮ ಅವನನ್ನೇ ಅಂಪೈರ್ ಮಾಡಿದ್ದಳು. ಕೆಲಸವೇನು ಮಹಾ? ಬೇಸ್‌ಗೆ ಯಾರು ಯಾವಾಗ ಬಂದರೂ ಕೈ ಅಗಲಿಸಿ "ಸೇಫ್!" ಎಂದು ಕೂಗುವುದು. ಮೈದಾನದ ಪಕ್ಕದಲ್ಲಿ ಔಟಾದವರು ಕೂರಲೆಂದು ಒಂದು ಹಸಿರು ಬೆಂಚಿತ್ತು. ಔಟಾಗುವವರೇ ಇಲ್ಲದ ಮೇಲೆ ಕೂರುವವರು ಯಾರು? ಅಮ್ಮಂದಿರು ಅಲ್ಲಿ ಬ್ಯಾಗು ಇಡುತ್ತಿದ್ದರು.

ಆ ಐವರಲ್ಲಿ ಒಬ್ಬಳು ಅವನ ಮೊಮ್ಮಗಳು, ಹತ್ತು ವರ್ಷದವಳು. ಹುಟ್ಟಿನಿಂದಲೂ ಕಾಲಲ್ಲಿ ಬಲವಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಎಲ್ಲರೂ ಕರೆಯುತ್ತಿದ್ದದ್ದು ಪಟಾಕಿ ಎಂದು. ಒಂದು ಶನಿವಾರ ಮನೆಗೆ ವಾಪಸ್ಸು ಬರುವಾಗ ಪಟಾಕಿ ಮುಖ ಊದಿಸಿಕೊಂಡು ಕೂತಿದ್ದಳು.

"ತಾತ, ಇವತ್ತು ಚೆಂಡು ಮೊದಲು ಬಂತು. ನಾನು ಆಮೇಲೆ ಬಂದೆ."

"ಹೌದಾ? ನಾ ನೋಡ್ಲೇ ಇಲ್ವಲ್ಲ."

"ಸುಳ್ಳು! ಕಣ್ಣು ಇಷ್ಟಗಲ ಬಿಟ್ಕೊಂಡು ನೋಡ್ತಿದ್ದೆ."

"ಅಲ್ಲಿ ಯಾರೂ ಔಟ್ ಆಗಲ್ಲ ಪುಟ್ಟಿ. ಎಲ್ಲರೂ ಸೇಫ್."

"ಯಾರೂ ಔಟ್ ಆಗಲ್ಲ ಅಂದ್ಮೇಲೆ ಯಾರೂ ಸೇಫೂ ಅಲ್ಲ! ನಾನೇನು ಗಾಜಿನ ಲೋಟಾನಾ? ಇನ್ನೊಂದ್ಸಲ ಸುಳ್ಳು ಹೇಳು, ಈ ವ್ಯಾನೇ ಹತ್ತಲ್ಲ."

ತಾತ ಮಗಳ ಹತ್ತಿರ ಮೆಲ್ಲಗೆ ವಿಷಯ ತೆಗೆದ. ಅವಳು ಕಣ್ಣು ಕೆಂಪಗೆ ಮಾಡಿದಳು. "ನಿನಗಾಗಲ್ಲ, ನಿನಗೆ ಬರಲ್ಲ ಅಂತ ಅವಳಿಗೆ ಹೇಳೋರು ಊರು ತುಂಬ ಇದ್ದಾರೆ ಅಪ್ಪ. ಅದೊಂದು ಜಾಗದಲ್ಲಾದ್ರೂ ಯಾರೂ ಹಾಗನ್ನಬಾರದು. ಅಂದ್ಯೋ, ನೋಡು ಮತ್ತೆ!"

ಮುಂದಿನ ಶನಿವಾರ ಪಟಾಕಿ ಚೆಂಡನ್ನು ಬಲವಾಗಿಯೇ ಬಾರಿಸಿದಳು. ಎರಡೂ ಅಂಗೈಯಿಂದ ಚಕ್ರ ನೂಕುತ್ತಾ ಮೊದಲ ಬೇಸ್‌ನತ್ತ ಹೊರಟಳು. ಊರುಗೋಲಿನ ಹುಡುಗ ಚೆಂಡು ಹೆಕ್ಕಿ ಎಸೆದ. ಬೇಸಿನ ಮೇಲೆ ನಿಂತಿದ್ದ ದಪ್ಪ ಕನ್ನಡಕದ ಹುಡುಗಿ, ಇಡೀ ವರ್ಷ ಒಂದೂ ಚೆಂಡು ಹಿಡಿಯದವಳು, ಅವತ್ತು ಹಿಡಿದೇಬಿಟ್ಟಳು! ಪಟಾಕಿಯ ಚಕ್ರ ಇನ್ನೂ ಒಂದು ಮೊಳ ಹಿಂದಿತ್ತು.

ಪಟಾಕಿ ತಾತನ ಮುಖವನ್ನೇ ನೋಡಿದಳು. ಆ ಕಡೆ ಬೆಂಚಿನ ಹತ್ತಿರ ಅವಳಮ್ಮನೂ ಅವನ ಮುಖವನ್ನೇ ನೋಡುತ್ತಿದ್ದಳು. ತಾತನ ಮುಷ್ಟಿ ಮೇಲೆದ್ದಿತು, ಹೆಬ್ಬೆರಳು ಹೊರಬಂತು.

"ಔಟ್!"

ಪಟಾಕಿಯ ಕೆಳತುಟಿ ನಡುಗಿತು. ಕಣ್ಣಿಂದ ನೀರು ಪಟಪಟನೆ ಉದುರಿತು. ಅಯ್ಯೋ, ಪಾಪಿ, ಎಂಥ ಕೆಲಸ ಮಾಡಿದೆ ಎಂದು ತಾತ ತನ್ನನ್ನೇ ಬೈದುಕೊಂಡ. ಅಷ್ಟರಲ್ಲಿ ಅವಳು ತೋಳಿನಿಂದ ಮೂಗು ಒರೆಸಿಕೊಂಡು, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು: "ಅಮ್ಮಾ, ಕೇಳಿಸ್ತಾ? ನಾನು ಔಟ್!"

ಕೂಗಿದವಳೇ ಸೀದಾ ಹಸಿರು ಬೆಂಚಿಗೆ ಹೋಗಿ, ಅಮ್ಮಂದಿರ ಬ್ಯಾಗುಗಳನ್ನೆಲ್ಲ ಅತ್ತ ತಳ್ಳಿ, ಕುರ್ಚಿಯಿಂದ ಬೆಂಚಿಗೆ ಜಾರಿಕೊಂಡು ರಾಣಿಯ ಹಾಗೆ ಕೂತಳು. ಮಿಕ್ಕ ಮಕ್ಕಳಿಗೆ ಹೊಟ್ಟೆಕಿಚ್ಚು! "ನಂಗೂ ಔಟ್ ಕೊಡಿ ತಾತ, ನಂಗೂ!" ಎಂದು ದುಂಬಾಲು ಬಿದ್ದವು. ಎರಡು ವಾರದ ಮೇಲೆ ಪಟಾಕಿ ಚೆಂಡಿಗಿಂತ ಮೊದಲೇ ಬೇಸ್ ಮುಟ್ಟಿದಾಗ ತಾತ ಕೂಗಿದ "ಸೇಫ್" ಇದೆಯಲ್ಲ, ಅದು ಅವನ ಜೀವನದ ಮೊದಲ ನಿಜವಾದ ಸೇಫ್. ಔಟ್ ಕೊಟ್ಟ ದಿನದಿಂದ ಮಗಳು ಮೂರು ದಿನ ಅವನ ಹತ್ತಿರ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ಕಾಫಿ ಲೋಟ ಕುಕ್ಕಿ, "ಅವಳು ಇಷ್ಟು ಖುಷಿಯಾಗಿದ್ದದ್ದನ್ನ ನಾನು ನೋಡೇ ಇರ್ಲಿಲ್ಲ" ಎಂದು ಒಳಗೆ ಹೋದಳು.

ಇದನ್ನೆಲ್ಲ ನೆನೆಯುತ್ತಾ ಕೂತಿದ್ದ ಭಾನುವಾರವೇ ಪಟಾಕಿ ಬಂದಳು. ಈಗ ಇಪ್ಪತ್ತಾರು ವರ್ಷ. ಕಟ್ಟಡಗಳ ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ. ಎಲ್ಲಿ ಬರೀ ಮೆಟ್ಟಿಲು ಬರೆದಿದ್ದಾರೋ ಅಲ್ಲೆಲ್ಲ ಜಗಳ. ಕೈಯಲ್ಲೇ ಬ್ರೇಕು ಹಾಕುವ ಕಾರು ಇಟ್ಟುಕೊಂಡಿದ್ದಾಳೆ. ಅದರಿಂದ ಗಾಲಿಕುರ್ಚಿಗೆ ಜಾರಿಕೊಂಡು, ಚಕ್ರ ನೂಕುತ್ತಾ ಷೆಡ್ಡಿನೊಳಗೆ ಬಂದು ವ್ಯಾನಿನ ತೆರೆದ ಬಾಗಿಲ ಪಕ್ಕ ಕುರ್ಚಿ ನಿಲ್ಲಿಸಿದಳು.

ತಾತ ಕೇಳಿದ. "ಪುಟ್ಟಿ, ನಾನು ಮತ್ತೆ ಗಾಡಿ ಓಡಿಸ್ತೀನಾ?"

"ಅಮ್ಮ ಏನಂದ್ಲು?"

"ನಿಮ್ಮಮ್ಮ ಎಲ್ಲಾದಕ್ಕೂ ಸೇಫ್ ಅಂತಾಳೆ. ನೀನು ಹೇಳು."

ಪಟಾಕಿ ಅವನ ಕಾಲು ನೋಡಿದಳು. "ಬ್ರೇಕ್ ಒತ್ತು ತಾತ. ನಾನು ಮಗು ಅಡ್ಡ ಬಂತು ಅಂತೀನಿ, ಒತ್ತು."

ಅವಳು "ಮಗು!" ಎಂದಳು. ತಾತ ಹಲ್ಲು ಕಚ್ಚಿ ಕಾಲೆತ್ತಿದ. ಕಾಲು ನಿಧಾನಕ್ಕೆ ಎದ್ದು, ತಡಕಾಡಿ, ಬ್ರೇಕಿನ ಮೇಲೆ ಬಂದು, ಜಾರಿತು. ಇನ್ನೊಂದು ಸಲ. ಮತ್ತೂ ಒಂದು ಸಲ. ಮೂರು ಸಲವೂ ಆ ಮಗು ಉಳಿಯುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಾಯಿತು.

ಪಟಾಕಿಯ ಕೆಳತುಟಿ ನಡುಗಿತು, ಆಗ ನಡುಗಿದ ಹಾಗೆಯೇ. ಆದರೂ ಮುಷ್ಟಿ ಎತ್ತಿ ಹೆಬ್ಬೆರಳು ಹೊರಗೆ ಮಾಡಿದಳು.

"ಔಟ್, ತಾತ."

ತಾತ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಎಂಟು ತಿಂಗಳ ಅಳುವನ್ನೆಲ್ಲ ಒಟ್ಟಿಗೇ ಅತ್ತ. ಅವಳು ಬೆನ್ನ ಮೇಲೆ ಕೈಯಿಟ್ಟಳೇ ಹೊರತು ಸಮಾಧಾನದ ಒಂದು ಮಾತೂ ಆಡಲಿಲ್ಲ. ಅತ್ತು ಮುಗಿದ ಮೇಲೆ ಅವನು ಜೇಬಿನಿಂದ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ.

"ಬೆಂಚೆಲ್ಲಿದೆಯೇ?" ಎಂದು ಕೇಳಿದ.

"ನನ್ನ ಕಾರಲ್ಲಿ, ನನ್ನ ಪಕ್ಕದ ಸೀಟು. ಬಾ, ಮೈದಾನ ನೋಡ್ಕೊಂಡು ಬರೋಣ."

ತಾತ ಒಂದೊಂದೇ ಕಾಲು ಕೆಳಗಿಟ್ಟು ವ್ಯಾನಿನಿಂದ ಇಳಿದು ವಾಕರ್ ಹಿಡಿದ. ಅಂಗಳದಲ್ಲಿ ಮಗಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಏನಾಯಿತೋ ಎಂದು ಗಾಬರಿಯಿಂದ ನಿಂತಿದ್ದಳು. ತಾತ ತನ್ನ ಹಳೇ ಅಂಪೈರ್ ಗಂಟಲಿನಲ್ಲೇ ಅವಳಿಗೆ ಕೂಗಿ ಹೇಳಿದ.

"ಕೇಳಿಸ್ತೇನೇ? ನಾನು ಔಟ್!"